ಚೌಕಳಿ ಟವೆಲ್ಲಿನ ತಪ್ಪೊಪ್ಪಿಗೆ

ಮಳವಳ್ಳಿ
೧೯ ನವೆಂಬರ್ ೨೦೨೫

ಗೆಳೆಯ ಮರಿಸಿದ್ದನಿಗೆ,

ಕ್ಷೇಮ ಸಮಾಚಾರಕ್ಕೆ ಮೊದಲು ಒಂದು ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಕೂತುಕೊಂಡು ಓದು, ಹತ್ತಿರ ಕೋಲುಗೀಲು ಇದ್ದರೆ ದೂರ ಇಡು. ಹೋದ ವರ್ಷ ನಿನಗೆ ಹಾಸನದ ಶಾಖೆಗೆ ವರ್ಗವಾಗಿ, ನಾವಿಬ್ಬರೂ ಕೊನೆಯ ಸಲ ಮದ್ದೂರಿನಲ್ಲಿ ಬಸ್ಸಿಗೆ ಕಾದ ಸಂಜೆ ನಿನ್ನ ಕೆಂಪು ಚೌಕಳಿ ಟವೆಲ್ಲು ಕಾಣೆಯಾಯಿತಲ್ಲ? ಅದನ್ನು ಕದ್ದವನು ಪೂರಿಗಾಲಿ ಮೂಲದ, ಮಳವಳ್ಳಿ ವಾಸಿಯಾದ, ಬಿ.ಎ. ದ್ವಿತೀಯ ದರ್ಜೆಯಲ್ಲಿ ಉತ್ತೀರ್ಣನಾದ ರಾಜೇಂದ್ರ ಎಂಬ ನಾನೇ. ನೀನು ವಡೆ ತಿಂದು ಕೈ ತೊಳೆಯಲು ಹೋದಾಗ ನಿನ್ನ ಚೀಲದಿಂದ ಎಗರಿಸಿದೆ. ನೀನು ಕಂಡಕ್ಟರ್ ಮಹದೇವಯ್ಯನ ಮೇಲೆ ಅನುಮಾನಪಟ್ಟೆ. ಪಾಪ, ಆತ “ನಿಮ್ ಬೆವ್ರೊರ್ಸಿದ್ ಟವಲ್ ತಗಂಡು ನಾನೇನ್ ಚಡ್ಡಿ ಒಲಿಸ್ಕಬೇಕಾ ಸಾ?” ಎನ್ನುತ್ತಾ ಟಿಕೆಟ್ ಬ್ಯಾಗನ್ನೇ ಕೊಡವಿ ತೋರಿಸಿದ. ಪಕ್ಕದಲ್ಲಿ ನಾನು ಹರಿಶ್ಚಂದ್ರನ ಮುಖ ಹೊತ್ತು ನಿಂತಿದ್ದೆ.

ಹನ್ನೊಂದು ವರ್ಷ ನಮಗೆ ಸೀಟು ಹಿಡಿದುಕೊಟ್ಟ ಟವೆಲ್ಲು ಅದು. ಬೆಳಿಗ್ಗೆ ಮಳವಳ್ಳಿಯಲ್ಲಿ ನಾನು ಅದನ್ನು ಬಸ್ಸಿನ ಕಿಟಕಿಯಿಂದ ಒಳಗೆಸೆಯುವುದು, ನೀನು ಚಿಕ್ಕರಸಿನಕೆರೆಯಿಂದ ಬೈಕಿನಲ್ಲಿ ಬಂದು ಕೆ.ಎಂ. ದೊಡ್ಡಿಯಲ್ಲಿ ಹತ್ತಿ ಸಾಹುಕಾರನ ಹಾಗೆ ಅದರ ಮೇಲೆ ಕೂರುವುದು. ಸಂಜೆ ಮದ್ದೂರಿನಲ್ಲಿ ಎಸೆಯುವ ಪಾಳಿ ನಿನ್ನದು. ಈಗ ಅದು ಕ್ಷೇಮವಾಗಿದೆ. ವಾರಕ್ಕೊಮ್ಮೆ ಒಗೆಯುತ್ತೇನೆ, ನಿನ್ನ ಬಳಿ ಇದ್ದಾಗ ಅದಕ್ಕೆ ಆ ಭಾಗ್ಯವಿರಲಿಲ್ಲ.

ನಿನ್ನ ಕಾಗದ ಬಂದು ಮೂರು ವಾರವಾಯಿತು, ತಡವಾದದ್ದಕ್ಕೆ ಕ್ಷಮಿಸು. ಫೋನಿನಲ್ಲೇ ಉತ್ತರಿಸಬಹುದಿತ್ತು. ಆದರೆ ಅಲ್ಲಿ ನಾನು ಪುಟಗಟ್ಟಲೆ ಬರೆದರೂ ಎಂ.ಎ. ಓದಿದ ನೀನು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಈ ಕಾಗದ, ಈ ಪೆನ್ನು. ಅಕ್ಷರಗಳು ಅಲ್ಲಲ್ಲಿ ಕುಣಿದಿದ್ದರೆ ಸಂತೋಷಕ್ಕೆ ಅಂದುಕೋ.

ನೀನು ಕೇಳಿದ್ದೀಯ: “ಇನ್ನು ಮೇಲೆ ಮನೆಯಿಂದ ಕೆಲಸವೋ, ಕಚೇರಿಗೆ ಬಂದೋ ಅಂತ ಈ ತಿಂಗಳ ಕೊನೆಯೊಳಗೆ ಬರೆದುಕೊಡಬೇಕಂತೆ. ನೀನು ಆರು ತಿಂಗಳಿಂದ ಮನೆಯಲ್ಲಿದ್ದೀಯ. ಯಾವುದು ಒಳ್ಳೆಯದು ಹೇಳ್ಲಾ.” ಹೇಳುತ್ತೇನೆ, ಕೇಳು.

ಮದ್ದೂರಿನಿಂದಾಚೆ ಗೆಜ್ಜಲಗೆರೆಯ ನಮ್ಮ ಕಚೇರಿಯ ಮೇಲೆ ಇನ್ನೊಂದು ಅಂತಸ್ತು ಕಟ್ಟುತ್ತೇವೆಂದು ನಮ್ಮನ್ನು ಮನೆಗೆ ಕಳಿಸಿದ ದಿನದಿಂದ ನನ್ನ ಅಂತಸ್ತೇ ಏರಿದೆ. ಪೂರಿಗಾಲಿಯಲ್ಲಿ ಹುಟ್ಟಿದವನ ಕಾಲಿಗೆ ಗಾಲಿ ಅಂತ ನೀನು ಅಣಕಿಸುತ್ತಿದ್ದೆಯಲ್ಲ, ಆ ಗಾಲಿ ಬಿಚ್ಚಿಟ್ಟಿದ್ದೇನೆ. ಮೊದಲು ಎರಡು ಬಸ್ಸು, ನೂರು ಮೊಣಕೈ. ಈಗ ಮಂಚದಿಂದ ಮೇಜಿಗೆ ಹದಿನಾಲ್ಕು ಹೆಜ್ಜೆ. ನಡುವೆ ಒಂದೇ ಸ್ಟಾಪು, ಅಡುಗೆಮನೆ. ಬಸ್ಸೂ ಇಲ್ಲ, ಬಾಸೂ ಇಲ್ಲ, ಮಧ್ಯಾಹ್ನಕ್ಕೆ ಬಿಸಿ ಮುದ್ದೆ, ಬಸ್ಸಾರು. ಮೇಲೆ ಅಂಗಿ, ಕೆಳಗೆ ಲುಂಗಿ. ಕಂಪ್ಯೂಟರಿನ ಕಣ್ಣಿಗೆ ಸೊಂಟದ ಕೆಳಗೆ ಕಾಣುವುದಿಲ್ಲವೆಂಬುದು ನಮ್ಮ ಕಂಪನಿಯ ಮಾನ ಉಳಿಸಿದೆ. ಊರಿನ ನೆಟ್ಟು ಮಾತ್ರ ನೆಟ್ಟಗಿಲ್ಲ.

ಆರೋಗ್ಯವೂ ಸುಧಾರಿಸಿದೆ. ಬೆಳಿಗ್ಗೆ ಆರೂವರೆಗೆ ವಾಕಿಂಗ್ ಹೊರಟರೆ ತಿರುಗಿ ಬರುವುದು ಒಂಬತ್ತೂಕಾಲಿಗೆ. ಇಷ್ಟು ನಡೆದರೂ ಹೊಟ್ಟೆ ಒಂದಿಂಚೂ ಹಿಂದೆ ಸರಿದಿಲ್ಲವೆಂದು ಭಾಗ್ಯಲಕ್ಷ್ಮಿಗೆ ಆಶ್ಚರ್ಯ. “ಅದ್ಯಾವ್ ಸೀಮೆ ವಾಕಿಂಗೋ ಕಾಣೆ ಕಣ್ರೀ, ಅಂಗೀಲಿ ಬೆವ್ರಿನ್ ವಾಸ್ನೆ ಇಲ್ಲ, ಎಣ್ಣೆ ವಾಸ್ನೆ!” ಅನ್ನುತ್ತಾಳೆ. ಹೆಂಡತಿಯರಿಗೆ ವಿಜ್ಞಾನ ವಿವರಿಸುವುದು ಕಷ್ಟ.

ಅವ್ವನ ಕತೆ ಕೇಳು. ಮೊದಲ ವಾರದ ಮೀಟಿಂಗು. ಮ್ಯಾನೇಜರ್ ಸಾಹೇಬರು ಗಂಭೀರವಾಗಿ ಬೇರಿಂಗುಗಳ ದಾಸ್ತಾನಿನ ಬಗ್ಗೆ ಹೇಳುತ್ತಿದ್ದಾರೆ. ಅವ್ವ ಅಲಸಂದೆಕಾಯಿ ಸುಲಿಯುತ್ತಾ ಹಿಂದಿನಿಂದ ಬಂದು ಬಗ್ಗಿ ನೋಡಿದಳು.

“ಯಾರ್ಲಾ ಮಗ ಇವ್ರೆಲ್ಲ, ಗೂಡ್ನೊಳ್ಗೆ ಪಾರಿವಾಳ ಕುಂತಂಗೆ ಕುಂತವ್ರೆ?”

“ಅವ್ವಾ, ಸಾಹೇಬ್ರು ಕಣವ್ವಾ, ಸುಮ್ನಿರು.”

“ಸಾಯೇಬ್ರಾದ್ರೇನ್ಲಾ, ಒಟ್ಟೆ ಇಲ್ವಾ? ಉಂಡ್ರೇನಪ್ಪಾ? ಮೊಕ ಬಾಡೋಗದಲ್ಲ!”

ಸಾಹೇಬರು ಕನ್ನಡಕ ತೆಗೆದು ಮೆತ್ತಗೆ “ಇಲ್ಲಮ್ಮ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ” ಅಂದರು. ಅಲ್ಲಿಗೆ ಬೇರಿಂಗಿನ ಮಾತು ಜಾರಿಹೋಗಿ ಕಾಲು ಗಂಟೆ ಅಲಸಂದೆಕಾಳಿನ ಮಾತು ನಡೆಯಿತು. ಈಗ ಪ್ರತಿ ಸೋಮವಾರ ಅವರು ಮೊದಲು ಅವ್ವನ ಹೆಸರು ಹಿಡಿದು ಕೇಳುವುದೇ “ಪಟ್ಟಲಮ್ಮನೋರು ಇದ್ದಾರಾ?” ಅಂತ. ನಾನಿದ್ದೇನೋ ಇಲ್ಲವೋ ಅವರಿಗೆ ಮುಖ್ಯವಲ್ಲ.

ಪಕ್ಕದ ಮನೆಯ ಕೆಂಪಸಿದ್ದಯ್ಯನವರು ಮಾತ್ರ ನನಗೆ ಕೆಲಸ ಹೋಗಿದೆ ಎಂದೇ ತೀರ್ಮಾನಿಸಿದ್ದಾರೆ. ಒಂದು ದಿನ ಜಗಲಿಗೆ ಕರೆದು, ಅಕ್ಕಪಕ್ಕ ನೋಡಿ, “ಯೋಚ್ನೆ ಮಾಡ್ಬೇಡ ಕಣಪ್ಪ. ನಮ್ ಭಾಮೈದನ ಆಲೆಮನೇಲಿ ಒಂದ್ ಜಾಗ ಅದೆ. ಯೋಳ್ಳಾ?” ಅಂದರು. ಕೆಲಸ ಮನೆಯಲ್ಲೇ ಮಾಡುತ್ತೇನೆಂದೆ. “ಊ ಕಣಪ್ಪ, ಕೆಲ್ಸ ಓದೋರೆಲ್ಲ ಅಂಗೇ ಅನ್ನಾದು” ಎಂದು ನನ್ನ ಬೆನ್ನು ಸವರಿದರು. ನಾನು ಅತ್ತೇಬಿಡುವಷ್ಟು ಮಮತೆ ಆ ಕೈಯಲ್ಲಿತ್ತು.

ಹೀಗಾಗಿ, ಕಣ್ಣು ಮುಚ್ಚಿಕೊಂಡು ‘ಮನೆ’ ಎಂದು ಬರೆದುಕೊಡು. ‘ಕಚೇರಿ’ ಅಂದವರಿಗೆ ಯಾವ ಊರಿನದು ಅಂತ ಕೇಳುವ ಜಾಗವೂ ಅರ್ಜಿಯಲ್ಲಿದೆ. ಗೆಜ್ಜಲಗೆರೆ ಅಂತ ಬರೆದರೆ ನಿನ್ನನ್ನು ವಾಪಸ್ಸು ಕಳಿಸುತ್ತಾರೆ, ನಿನ್ನ ಕುರ್ಚಿ ಇನ್ನೂ ಖಾಲಿ ಇದೆ ಎಂಬುದು ನಿಜ. ಆದರೆ ಯಾಕೆ ಬೇಕು ಆ ನೂಕುನುಗ್ಗಲು? ಈ ಆರು ತಿಂಗಳಲ್ಲಿ ಬಸ್ಸಿನ ನೆನಪು ನನಗೆ ಒಂದು ದಿನವೂ ಬಂದಿಲ್ಲ. ಪ್ರಮಾಣ ಮಾಡಿ ಹೇಳುತ್ತೇನೆ.

ರೂಪಮ್ಮನವರಿಗೆ ನನ್ನ ನಮಸ್ಕಾರ. ದೀಪಿಕ ಚೆನ್ನಾಗಿ ಓದಲಿ, ಅಪ್ಪನ ಅಕ್ಷರ ಅವಳಿಗೆ ಬಾರದಿರಲಿ. ಅವ್ವ ನಿಮ್ಮೆಲ್ಲರಿಗೂ ಆಶೀರ್ವಾದ ಹೇಳಿದ್ದಾಳೆ, ಜೊತೆಗೆ “ಆಸನ್ದಲ್ಲಿ ಚಳಿಯಂತೆ, ಕಿವಿ ಮುಚ್ಕಂಡ್ ತಿರುಗು ಅನ್ನು” ಅಂತಲೂ.

ನಿನ್ನ ಕಳ್ಳ,
ರಾಜೇಂದ್ರ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಮೇಲಿನ ಪ್ರಮಾಣ ಸುಳ್ಳಲ್ಲ ಕಣ್ಲಾ. ದಿನಾ ಹತ್ತುವ ಬಸ್ಸನ್ನು ನೆನಪು ಮಾಡಿಕೊಳ್ಳುವುದು ಹೇಗೆ?

ಮೊದಲ ವಾರ ಮನೆಯಲ್ಲೇ ಇದ್ದೆ. ಎಂಟನೆಯ ದಿನ ನಿಜವಾಗಿಯೂ ವಾಕಿಂಗಿಗೆಂದೇ ಹೊರಟೆ. ಕಾಲು ಬಸ್‌ಸ್ಟ್ಯಾಂಡಿಗೆ ಹೋಯಿತು, ಕೈ ಟವೆಲ್ಲು ಎಸೆಯಿತು. ವಾಕಿಂಗಿಗೆ ಹೊರಟವನ ಬಳಿ ಟವೆಲ್ಲು ಯಾಕಿತ್ತು ಅಂತ ಕೇಳಬೇಡ. ಅಂದಿನಿಂದ ದಿನವೂ ಮದ್ದೂರಿನವರೆಗೆ ಹೋಗಿ, ಒಂದು ವಡೆ ತಿಂದು, ವಾಪಸ್ಸು ಬಂದು, ಲುಂಗಿ ಉಟ್ಟು ‘ಕಚೇರಿ’ಗೆ ಕೂರುತ್ತೇನೆ. ಈ ಕಾಗದವನ್ನೂ ಒಂದು ವಾರದಿಂದ ಬಸ್ಸಿನಲ್ಲೇ ಬರೆಯುತ್ತಿರುವುದು. ಅಕ್ಷರ ಕುಣಿದದ್ದು ಸಂತೋಷಕ್ಕಲ್ಲ, ರಸ್ತೆಯ ಹಳ್ಳಕ್ಕೆ.

ಟವೆಲ್ಲನ್ನು ಪಕ್ಕದ ಸೀಟಿನ ಮೇಲೆ, ನೀನು ಹತ್ತುತ್ತಿದ್ದ ದೊಡ್ಡಿಯವರೆಗೆ ಇಟ್ಟುಕೊಂಡು, ಆಮೇಲೆ ಯಾರಿಗಾದರೂ ಬಿಟ್ಟುಕೊಡುತ್ತೇನೆ. ಮೊನ್ನೆ ಸೊಪ್ಪಿನ ಕುಕ್ಕೆಯ ಹೆಂಗಸೊಬ್ಬಳು ಇಡೀ ಬಸ್ಸಿಗೆ ಕೇಳುವಂತೆ, “ಅಲ್ಲಾ ಕಣಣ್ಣೋ, ತಿಂಗ್ಳಿಂದ ನೋಡ್ತಾ ಇವ್ನಿ, ಟವಲ್ಲೇ ಕುಂತದೆ, ಮನ್ಸ ಮಾತ್ರ ಬರ್ನಿಲ್ಲ! ನಮ್ಗಾದ್ರೆ ಸರ್ಕಾರ ಬಿಟ್ಟಿ ಬುಟ್ಟದೆ, ಇದುಕ್ಕ್ಯಾರು ಬುಟ್ರು?” ಅಂದಳು. ಮಹದೇವಯ್ಯ “ಟವಲ್ಗೆ ಆಫ್ ಟಿಕೆಟ್ಟಾ, ಫುಲ್ಲಾ ಸಾ?” ಎಂದ. ಟವೆಲ್ಲನ್ನು ಅವನು ನೋಡಿದ ಕೂಡಲೇ ಗುರುತು ಹಿಡಿದಿದ್ದ. ಅಂದು ಅನುಮಾನಪಟ್ಟದ್ದಕ್ಕೆ ನಿನ್ನ ಮುಖಕ್ಕೇ ಬೈಯಲು ಕಾಯುತ್ತಿದ್ದಾನೆ.

ಭಾಗ್ಯಲಕ್ಷ್ಮಿಗೆ ಮಾತ್ರ ಗೊತ್ತಿಲ್ಲ ಅಂದುಕೊಂಡಿದ್ದೆ. ಈ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಕೈಗೊಂದು ಸ್ಟೀಲ್ ಡಬ್ಬಿ ಕೊಟ್ಟು, “ವಾಕಿಂಗಿಂದ ಬರ್ತಾ ಅತ್ತೆಗೂ ನಂಗೂ ಎರಡೆರಡು ವಡೆ ತನ್ನಿ” ಅಂದಳು.

ನನ್ನ ಅರ್ಜಿ ಹೋಗಿ ಹತ್ತು ದಿನವಾಯಿತು. ‘ಕಚೇರಿ’ ಅಂತಲೇ ಬರೆದಿದ್ದೇನೆ. ನಿನ್ನದು ನೀನು ನೋಡಿಕೋ.

ಸಾಕು, ದೊಡ್ಡಿ ಬಂತು. ಬಾಗಿಲ ಕಡೆ ನೋಡಬೇಕು.