ಅಣವೀರಪ್ಪನಿಗೆ ದಾಳ ಬೇಡ

ಆಂಟಾಪ್ ಹಿಲ್, ಮುಂಬಯಿ
19 ಆಗಸ್ಟ್ 2024

ಪ್ರೀತಿಯ ಮಗಳು ಯಕ್ಷಿತಾಳಿಗೆ ಪಪ್ಪನ ಆಶೀರ್ವಾದ.

ನಾವೆಲ್ಲ ಸೌಖ್ಯ. ನೀನು, ಅಳಿಯಂದಿರು, ಪುಟ್ಟಿ ಸಾಧನಾ ಸೌಖ್ಯವೆಂದು ನಂಬಿದ್ದೇನೆ. ನಾಮಕರಣ ಕಳೆದು ಒಂದು ತಿಂಗಳಾಯಿತು. ಬರೆಯಬೇಕು ಬರೆಯಬೇಕು ಅಂತಲೇ ದಿನ ದೂಡಿದೆ, ತಪ್ಪಾಯ್ತು ಮಗಾ. ಸಾಂತಾಕ್ರೂಜ್ ಏನು ಪರದೇಶವಾ, ಬಂದೇ ಹೇಳಬಹುದಿತ್ತು. ಆದರೆ ಆ ದಿನ ಮಗುವನ್ನು ನನ್ನ ಕೈಗೆ ಕೊಟ್ಟ ಕೂಡಲೇ ಅಮ್ಮನಿಗೆ ದಾಟಿಸಿಬಿಟ್ಟೆ ಅಂತ ನಿನಗೆ ಸಿಟ್ಟುಂಟು. ಫೋನ್ ಮಾಡಿದರೆ "ಹಾಂ ಪಪ್ಪ, ಠೀಕ್ ಹೈ" ಅಂತ ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ, ತಿಲಕನ ಕೈಯಲ್ಲಿ ಕಳಿಸುತ್ತಿದ್ದೇನೆ. ಕನ್ನಡ ಓದಲು ನಿನಗೆ ನಿಧಾನವಾಗುತ್ತದೆ, ಆದರೂ ಪೂರ್ತಿ ಓದು.

ಮೊದಲು ಒಂದು ದೊಡ್ಡ ಸುದ್ದಿ. ನಿನ್ನೆ ನಿನ್ನ ಪಪ್ಪ ಒಂದು ಯುದ್ಧ ಗೆದ್ದ!

ನಿನ್ನ ತಮ್ಮ ತಿಲಕ ಭಾನುವಾರ ಗೆಳೆಯರನ್ನು ಸೇರಿಸಿ ಆಡುತ್ತಾನಲ್ಲ, ಆ ಆಟ. ಎಂತ ಆಟ ಮಾರಾಯ್ತಿ! ಕಾಗದದಲ್ಲಿ ಒಬ್ಬ ಮನುಷ್ಯನನ್ನು ಬರೆದುಕೊಂಡು ಅವನಾಗಿಯೇ ಮಾತಾಡುವುದು. ತಿಲಕ ಕಥೆ ನಡೆಸುತ್ತಾನೆ. ಆಗುತ್ತದಾ ಇಲ್ಲವಾ ಅಂತ ಸಂಶಯ ಬಂದಲ್ಲಿ ಇಪ್ಪತ್ತು ಮುಖದ ದಾಳ ಹಾಕಬೇಕು. ಒಬ್ಬ ಹುಡುಗ ಜ್ವರದಿಂದ ಮಲಗಿದ್ದಾನೆ ಅಂತ ನನ್ನನ್ನು ಕೂರಿಸಿದರು. ನಿನ್ನ ಅಮ್ಮ ರಾಜೀವಿ "ಈ ಪ್ರಾಯದಲ್ಲಿ ದಾಳ ಆಡುವುದಾ, ನಾಚಿಕೆ ಇಲ್ಲವಾ?" ಅಂತ ಗೊಣಗಿದಳು. ಪರೇಲಿನ ಹೋಟೆಲಲ್ಲಿ ನನಗೆ ಕಾವಲಿಯಲ್ಲಿ ದೋಸೆ ಹೊಯ್ಯುವ ಕೆಲಸ ಕಲಿಸಿದ ಅಣವೀರಪ್ಪನವರ ಹೆಸರನ್ನೇ ನನ್ನ ಯೋಧನಿಗೆ ಇಟ್ಟೆ. ನಾನು ಮೂವತ್ತು ವರ್ಷ ಕಾವಲಿ ಮುಂದೆ ನಿಂತ ಹಾಗೆ ಈ ಯೋಧ ಮೂವತ್ತು ವರ್ಷ ಕತ್ತಿ ಹಿಡಿದವನು. ಮೇಲಿನ ಮಾಳಿಗೆಯ ಹುಡುಗಿ ಸುಪ್ರಜಾ ಆಟದಲ್ಲಿ ಮಂತ್ರವಾದಿ.

ಕಥೆಯಲ್ಲಿ ಒಂದು ಕೋಟೆಗೆ ಬೆಂಕಿ ಬಿತ್ತು. ಒಳಗೆ ಮೂರು ಮಕ್ಕಳು. ಬಾಗಿಲಿಗೆ ಅಡ್ಡ ಹಾಕಿದ ಕಬ್ಬಿಣದ ಅಗುಳಿ ಕೆಂಪಗೆ ಕಾದಿದೆ. ಸುಪ್ರಜಾಳ ಮಂತ್ರವೆಲ್ಲ ಖಾಲಿ. ನಾನು "ಅಣವೀರಪ್ಪ ಕೈಯಲ್ಲೇ ಎತ್ತುತ್ತಾನೆ" ಎಂದೆ. ತಿಲಕ ನಕ್ಕ. "ಪಪ್ಪ, ಸ್ವಲ್ಪ ರಿಯಲಿಸ್ಟಿಕ್ ಆಗಿ ಯೋಚಿಸಿ. ಮನುಷ್ಯನ ಕೈ ಅದು. ದಾಳ ಹಾಕುವ ಪ್ರಶ್ನೆಯೇ ಇಲ್ಲ."

ನನ್ನ ಪಿತ್ತ ನೆತ್ತಿಗೇರಿತು. ಈ ಹುಡುಗಿ ಚಿಟಿಕೆ ಹೊಡೆದು ಆಕಾಶದಲ್ಲಿ ಸೇತುವೆ ಕಟ್ಟಿದಾಗ ರಿಯಲಿಸ್ಟಿಕ್ ಎಲ್ಲಿಗೆ ಹೋಗಿತ್ತು? ಕೇಳಿದರೆ "ಅದು ಮ್ಯಾಜಿಕ್ ಅಲ್ವಾ ಪಪ್ಪ" ಅನ್ನುತ್ತಾನೆ. ಪುಸ್ತಕ ಓದಿದವಳು ಹಾರಬಹುದು, ಮೈ ಬಗ್ಗಿಸಿ ದುಡಿದವನು ಮಾತ್ರ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಿ ಏದುಸಿರು ಬಿಡುವವರ ಹಾಗೆ ಇರಬೇಕಾ?

ಎದ್ದು ಅಡುಗೆಮನೆಗೆ ಹೋದೆ. ಅಮ್ಮ ಇಡ್ಲಿ ಇಟ್ಟಿದ್ದಳು, ಹಬೆ ಬುಸುಗುಟ್ಟುತ್ತಿತ್ತು. ಮುಚ್ಚಳ ತೆಗೆದು, ಬಟ್ಟೆ ಹಿಡಿಯದೆ ಬರಿಗೈಯಲ್ಲಿ ಇಡ್ಲಿ ತಟ್ಟೆ ಎತ್ತಿದೆ. ಹೊರಗೆ ತಂದು ಅವರ ಮುಂದೆ ಹಿಡಿದು ನಿಂತೆ. ಸುಪ್ರಜಾ "ಅಂಕಲ್, ಛೋಡೋ! ಪ್ಲೀಸ್!" ಅಂತ ಕಿರುಚಿದಳು. ನಾನು ಇಪ್ಪತ್ತರವರೆಗೆ ಎಣಿಸಿ, ಮೆಲ್ಲಗೆ ಪೇಪರ್ ಮೇಲೆ ಇಟ್ಟು, "ಇಡ್ಲಿ ತಿನ್ನಿ" ಎಂದೆ.

ತಿಲಕ ನನ್ನ ಕೈ ನೋಡಿದ. ಆಮೇಲೆ ದಾಳವನ್ನು ಜೇಬಿಗೆ ಹಾಕಿಕೊಂಡು, "ಅಣವೀರಪ್ಪನಿಗೆ ದಾಳ ಬೇಡ. ಅಗುಳಿ ಎತ್ತಿದ. ಮಕ್ಕಳು ಬಚಾವ್" ಅಂದ. ಮನೆಯೇ ಹಾರಿಹೋಗುವ ಹಾಗೆ ಬೊಬ್ಬೆ ಹೊಡೆದರು! ಆಟದ ಪುಸ್ತಕದಲ್ಲಿ ಹೊಸ ರೂಲ್ ಕೂಡ ಬರೆದಿದ್ದಾನೆ: ಮೂವತ್ತು ವರ್ಷ ಒಂದೇ ವಿದ್ಯೆ ಮಾಡಿದವನಿಗೆ ಅದರಲ್ಲಿ ಮನುಷ್ಯರ ಮಿತಿ ಇಲ್ಲ. ಅದಕ್ಕೆ ನನ್ನದೇ ಹೆಸರು, ಚೆನ್ನಯ ರೂಲ್ ಅಂತ. ಗೊಣಗುತ್ತಿದ್ದ ನಿನ್ನ ಅಮ್ಮ ರಾತ್ರಿ ಮೀನು ಹುರಿದು ನನಗೇ ದೊಡ್ಡ ತುಂಡು ಹಾಕಿದಳು. ಮುಂದಿನ ಭಾನುವಾರಕ್ಕೆ ನನ್ನ ಜಾಗ ಪಕ್ಕಾ. ನಿವೃತ್ತಿಯಾದ ಮೇಲೆ ಇಷ್ಟು ಖುಷಿ ನನಗೆ ಆಗಿರಲಿಲ್ಲ.

ಸಮಯಕ್ಕೆ ಸರಿಯಾಗಿ ಊಟ ಮಾಡು, ಮಗು ಮಲಗಿದಾಗ ನೀನೂ ಮಲಗು. ನಿಮ್ಮ ಮೂವರಿಗೂ ದೇವರು ಆಯುಸ್ಸು, ಆರೋಗ್ಯ ಕೊಡಲಿ.

ನಿನ್ನ ಪಪ್ಪ,
ಚೆನ್ನಯ

ಸಹಿ ಹಾಕಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ನೋಡಿದರೆ ನಾಲ್ಕು ಬೆರಳಲ್ಲಿ ಗುಳ್ಳೆ ಎದ್ದಿತ್ತು. ನೋಡುವವರೆಗೆ ನನಗೆ ಗೊತ್ತೇ ಆಗಿರಲಿಲ್ಲ. ಮೂರು ವರ್ಷದಿಂದ ನನ್ನ ಬೆರಳುಗಳಿಗೆ ಸ್ಪರ್ಶವಿಲ್ಲ ಮಗಾ. ನರ ಸತ್ತಿದೆ, ಇನ್ನು ವಾಪಸ್ ಬರುವುದಿಲ್ಲ ಅಂದರು ಡಾಕ್ಟರು. ಅಮ್ಮನಿಗೂ ಹೇಳಿಲ್ಲ. ನಾಮಕರಣದ ದಿನ ನೀನು ಮಗುವನ್ನು ಕೊಟ್ಟಾಗ, ಹಿಡಿದಿದ್ದೇನಾ ಇಲ್ಲವಾ ಅಂತ ನನಗೆ ತಿಳಿಯಲಿಲ್ಲ. ಪುಟ್ಟಿ ಅತ್ತಳು. ಬಗ್ಗಿ ನೋಡಿದರೆ ನನ್ನ ಹೆಬ್ಬೆರಳು ಅವಳ ತೋಳನ್ನು ಒತ್ತಿ ಕೆಂಪು ಮಾಡಿತ್ತು. ಹೆದರಿ ಅಮ್ಮನಿಗೆ ಕೊಟ್ಟೆ. ಹೆಣ್ಣು ಮಗು ಅಂತ ದೂರ ಮಾಡಿದ್ದಲ್ಲ, ದೇವರಾಣೆ ಅಲ್ಲ. ಈ ಸಲ ನೀನು ಬಂದಾಗ ಅವಳನ್ನು ನನ್ನ ಕೈಗೆ ಕೊಡಬೇಡ. ನೀನೇ ಎತ್ತಿಕೊಂಡು ಅವಳ ಕೆನ್ನೆಯನ್ನು ನನ್ನ ಕೆನ್ನೆಗೆ ಹಿಡಿ. ಅಲ್ಲಿ ನನಗೆ ಇನ್ನೂ ಗೊತ್ತಾಗುತ್ತದೆ.