ತಿದ್ದಿಕೊಟ್ಟ ಅರ್ಜಿ

ಶಾಲೆಯ ಸ್ಟಾಫ್ ರೂಮು
ನವೆಂಬರ್ 22, ಗುರುವಾರ

ನನ್ನ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ವಾರ್ಡಿನಲ್ಲಿ ರೋಗಿಗಳನ್ನು ಒಬ್ಬಳೇ ಎತ್ತಿ ಕೂರಿಸಬೇಡ ಎಂದು ಡಾಕ್ಟರೇ ಹೇಳಿದರೂ ಕೇಳುವವಳಲ್ಲ ನೀನು. ನಾನು ಚೆನ್ನಾಗಿದ್ದೇನೆ. ಪಾಠ ಮಾಡುವಾಗ ಈಗ ಗೋಡೆಯನ್ನಲ್ಲ, ಕೊನೆಯ ಬೆಂಚನ್ನು ನೋಡುತ್ತೇನೆ, ಅಷ್ಟು ಸುಧಾರಿಸಿದ್ದೇನೆ. "ನೀನು ಬಾಯಿ ಬಿಡೋಷ್ಟರಲ್ಲಿ ಬಸ್ಸು ಎರಡು ಸ್ಟಾಪು ದಾಟಿರತ್ತೆ ಕಣೇ" ಎಂದು ನಗುತ್ತಿದ್ದೆಯಲ್ಲ, ಈಗ ಒಂದೇ ಸ್ಟಾಪು ಎಂದುಕೊಂಡಿದ್ದೆ.

ಈ ತಿಂಗಳು ಒಂಬತ್ತನೆಯ ತರಗತಿಗೆ ನಾಗರಿಕ ಹಕ್ಕುಗಳ ಪಾಠ. ಪುಸ್ತಕದಲ್ಲಿರುವುದು ಎರಡೇ ಪುಟ. ನಾನು ಹುಮ್ಮಸ್ಸಿನಲ್ಲಿ ಮಾತಿನ ಶಕ್ತಿ ಎಂಥದ್ದು ಎಂದೆಲ್ಲ ಹೇಳಿ, ನಿಮಗೆ ಅನ್ಯಾಯ ಎನಿಸಿದ್ದರ ಬಗ್ಗೆ ಮುಖ್ಯೋಪಾಧ್ಯಾಯಿನಿಗೆ ಅರ್ಜಿ ಬರೆಯಿರಿ, ಒಂದನ್ನು ನಿಜವಾಗಿಯೂ ಕೊಡೋಣ ಎಂದೆ. ಹೆಚ್ಚಿನವರು ಆಟದ ಪೀರಿಯಡ್ಡು ಕೇಳಿದರು. ಒಬ್ಬ ಗಣಿತವನ್ನೇ ರದ್ದು ಮಾಡಿ ಎಂದ. ಇಸ್ತ್ರಿ ಅಂಗಡಿಯವರ ಮಗಳು ಮಾತ್ರ ಗೇಟಿನ ಬಗ್ಗೆ ಬರೆದಿದ್ದಳು. ಹೋದ ವರ್ಷ ಲ್ಯಾಬಿನಲ್ಲಿ ಏನೋ ಕಳೆದಿತ್ತಂತೆ. ಅಂದಿನಿಂದ ಶಾಲೆಯ ಹಿಂದಿನ ಸಾಲುಮನೆಗಳ ಹನ್ನೊಂದು ಮಕ್ಕಳ ಚೀಲಗಳನ್ನಷ್ಟೇ ಕಾವಲುಗಾರ ಸಂಜೆ ತೆರೆಸಿ ನೋಡುತ್ತಾನೆ. ನಾನೂ ದಿನಾ ನೋಡುತ್ತಿದ್ದೆ. ನೋಡಿ ನೋಡಿ ಕಣ್ಣಿಗೆ ಬೀಳುವುದೇ ನಿಂತಿತ್ತು. ಅವಳು ಬರೆದದ್ದು ಮೂರೇ ವಾಕ್ಯ: "ಈ ವರ್ಷ ನನ್ನ ಚೀಲವನ್ನು ನೂರಾ ಹದಿನಾಲ್ಕು ಸಲ ತೆರೆಸಿದ್ದೀರಿ. ಒಂದು ಸಲವೂ ಏನೂ ಸಿಗಲಿಲ್ಲ. ಒಂದು ಸಲವೂ ಯಾರೂ ತಪ್ಪಾಯಿತು ಎನ್ನಲಿಲ್ಲ."

ಅಕ್ಕಾ, ಅದಕ್ಕೆ ಒಂದಕ್ಷರವೂ ಸೇರಿಸಬೇಕಿರಲಿಲ್ಲ. ನಾನು ಕೆಂಪು ಪೆನ್ನು ಹಿಡಿದು ಕೂತೆ. "ದೊಡ್ಡವರಿಗೆ ಹೀಗೆ ಬರೀಬಾರದು ಪುಟ್ಟಿ, ಸ್ವಲ್ಪ ಮೆತ್ತಗೆ ಹೇಳೋಣ" ಎಂದೆ. "ನಮ್ಮ ಸುರಕ್ಷತೆಗಾಗಿ ತಾವು ವಹಿಸುತ್ತಿರುವ ಕಾಳಜಿಗೆ ನಾವು ಚಿರಋಣಿಗಳು" ಎಂದು ಶುರುಮಾಡಿ, ಚೀಲದ ಮಾತು ಬರುವ ಹೊತ್ತಿಗೆ ಒಂದೂವರೆ ಪುಟ ಮುಗಿದಿತ್ತು. ಕೆಲಸ ಕಾಯಂ ಆಗಲು ಇನ್ನೆರಡು ತಿಂಗಳಿದೆ ಎನ್ನುವುದು ನೆನಪಿತ್ತು. ಆದರೆ ಬರೀ ಹೆದರಿಕೆ ಎಂದರೆ ಸುಳ್ಳಾದೀತು. ನನ್ನ ವಾಕ್ಯಗಳು ನನಗೇ ಇಷ್ಟವಾಗಿಬಿಟ್ಟವು. ಅವಳಿಂದ ನಕಲು ಮಾಡಿಸಿ ಕೊಡಿಸಿದೆ.

ಹೆಡ್ ಮಿಸ್ಸಿಗೆ ಬಹಳ ಸಂತೋಷವಾಯಿತು. ನಿನ್ನೆ ಬೆಳಿಗ್ಗೆ ಎಲ್ಲರೆದುರು ಗಟ್ಟಿಯಾಗಿ ಓದಿ, "ಅರ್ಜಿ ಅಂದ್ರೆ ಹೀಗಿರಬೇಕು!" ಎಂದು ಅವಳಿಗೊಂದು ಪೆನ್ನು ಬಹುಮಾನ ಕೊಟ್ಟರು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಗೇಟಿನ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಸಂಜೆ ಅವಳ ಚೀಲ ತೆರೆಸಿದಾಗ ಆ ಪೆನ್ನು ಸಿಕ್ಕಿತು. "ಏನಮ್ಮಾ, ಇದನ್ನೆಲ್ಲಿಂದ ಎತ್ಕೊಂಡೆ?" ಎಂದ ಕಾವಲುಗಾರ. "ಬಹುಮಾನ ಅಣ್ಣಾ." "ನಿಂಗಾ? ಏನ್ ಘನಂದಾರಿ ಕೆಲಸ ಮಾಡಿದ್ಯಂತೆ?" ಅವಳು ಏನೆಂದು ಹೇಳಬೇಕು? ನಾನು ನಾಲ್ಕು ಹೆಜ್ಜೆ ಹಿಂದಿದ್ದೆ. ಹೌದಪ್ಪಾ, ಬಹುಮಾನವೇ, ನಾನು ನೋಡಿದ್ದೇನೆ ಎನ್ನಲು ಒಂದು ಉಸಿರು ಸಾಕಿತ್ತು. ನಾನು ವಾಚು ನೋಡಿಕೊಂಡೆ. ಕೊನೆಗೆ ಅವಳ ಗೆಳತಿ "ಕೊಟ್ಟಿದ್ದು ಇಡೀ ಶಾಲೆ ನೋಡಿದೆ ಅಣ್ಣಾ" ಎಂದು ರೇಗಿದಾಗ ಬಿಟ್ಟ. ನನಗೆ ಎಂದಿನಂತೆ ಸಲಾಮು ಹೊಡೆದು ದಾರಿ ಬಿಟ್ಟ. ನನ್ನ ಹೆಗಲಲ್ಲಿ ಅವಳದಕ್ಕಿಂತ ದೊಡ್ಡ ಚೀಲವಿತ್ತು.

ಇವತ್ತು ಅವಳನ್ನು ಕರೆದು ಏನೋ ತೊದಲಿದೆ. ಅವಳು ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಿತ್ತು. "ನೀವು ಬರ್ದಿದ್ದು ತುಂಬಾ ಚೆನ್ನಾಗಿತ್ತು ಮಿಸ್. ಅದು ನಂಗೆ ಆಗಿದ್ದಲ್ಲ, ಅಷ್ಟೇ" ಎಂದು ಹೋದಳು. ಆಗಿನಿಂದ ತಲೆ ಎತ್ತಲು ಆಗುತ್ತಿಲ್ಲ. ನಿನಗಲ್ಲದೆ ಯಾರಿಗೆ ಹೇಳಲಿ?

ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನ್ನ ರೂಮಿನ ಗೆಳತಿಗೆ ನನ್ನ ನಮಸ್ಕಾರ. ಬೈದಾದರೂ ಸರಿ, ಬರೆ.

ನಿನ್ನ
ಇಲಿಮರಿ

ತಾ.ಕ.: ಶುಕ್ರವಾರ. ಲಕೋಟೆ ಅಂಟಿಸುವ ಮೊದಲು ಇಷ್ಟು. "ನೀವು ಮೆಚ್ಚಿದ ಅರ್ಜಿ ಹುಡುಗಿಯದಲ್ಲ, ನನ್ನದು. ಅವಳು ಕೇಳಿದ್ದು ಚೀಲ ತೆರೆಸುವುದನ್ನು ನಿಲ್ಲಿಸಿ ಎಂದು. ನಾನೂ ಅದನ್ನೇ ಕೇಳುತ್ತೇನೆ" — ಇಷ್ಟನ್ನು ಬರೆದು, ಸಹಿ ಹಾಕಿ, ಬೆಳಿಗ್ಗೆ ಹೆಡ್ ಮಿಸ್ಸಿನ ಮೇಜಿನ ಮೇಲಿಟ್ಟೆ. ಮೂರು ಗಂಟೆಗೆ ಬಂದು ಕಾಣಬೇಕಂತೆ. ಈಗ ಎರಡೂಮುಕ್ಕಾಲು. ನಿನ್ನ ರೂಮಿನಲ್ಲಿ ಇನ್ನೊಂದು ಹಾಸಿಗೆ ಹಿಡಿಸುತ್ತದಾ ಅಕ್ಕಾ? ಬೇಗ ತಿಳಿಸು.