ಸಾಗವಾನಿ ಮರದ ಹಿಂದ

ಬೋರಿವಲಿ,
೧೨-೧-೧೯೫೬

ಸೌಭಾಗ್ಯವತಿ ರಾಚವ್ವಗ ಆಶೀರ್ವಾದ.

ನೀ ಸಿಟ್ಟಾಗಿ ಚೆಂಬೂರಿಗೆ ತಮ್ಮನ ಮನಿಗೆ ಹೋಗಿ ಇಪ್ಪತ್ತು ದಿನ ಆತು. ಕಾಡಿನ ಮಗ್ಗಲಾಗ ಮನಿ ಮಾಡಿದ್ದಲ್ಲದ ನಾನೂ ನಿನ್ನ ಕಾಡಿದ್ದು ತಪ್ಪಾತು. ಚಿರತಿ ತಿರುಗೂ ಹೊತ್ತಿನ್ಯಾಗ ಸಾಗವಾನಿ ಮರದ ಹಿಂದ ಅಡಗಿ ಕೂತೆ. ನಲವತ್ತು ವರ್ಷದಾಗ ಒಮ್ಮೆಯಾದರೂ ನನ್ನ ಹೆಸರು ಹಿಡದು ಕರೀತಿ ಏನೋ ಅಂತ. ನೀ ಅಳಕೋತ "ಏನ್ರೀ, ಎಲ್ಲಿದ್ದೀರಿ?" ಅಂದಿ. ಓಣಿ ಗಂಡಸರೆಲ್ಲಾ "ಓ" ಅಂದರು, ನಾ ಒಬ್ಬನ ಅನ್ನಲಿಲ್ಲ.

ಈಗ ಸಂಜಿಮುಂದ ಬಾಜೂಮನಿ ಶರಣವ್ವ ತನ್ನ ಗಂಡಗ "ಏನ್ರೀ" ಅಂದರ ನಾನ ಮೊದಲ "ಓ" ಅಂತೀನಿ. ಅಕಿ ಬೈತಾಳ.

ಬರೋವಾಗ ಶೇಂಗಾ ಚಟ್ನಿ ತಾ. ಯಾವ ಲೋಕಲ್ ಗಾಡಿಗೆ ಬರತಿ ಅಂತ ಪತ್ರ ಬರಿ. ಸ್ಟೇಷನ್ನಿನಾಗ ಎದ್ದು ಕಾಣೂವಂಗ ನಿಂತಿರತೀನಿ. ಹೆಸರು ಹೇಳೂದು ಬ್ಯಾಡ.

ಇಂತಿ,
ನಿನ್ನ "ಏನ್ರೀ"